ಅಕ್ಕನ ಮನೆ ತಪ್ಪಿಸುವ ಕಾಡುದಾರಿ

ಮಧುಗಿರಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ಇಪ್ಪತ್ತೈದು ವರ್ಷ ಊರಿನವರಿಗೆಲ್ಲ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟು, ಅನ್ನ ಕಮ್ಮಿ ಮಾಡಿ, ದಿನಾ ನಡೀರಿ ಎಂದು ಬುದ್ಧಿ ಹೇಳಿದವನಿಗೇ ಕೊನೆಗೆ ಸಕ್ಕರೆ ಬಂತು. ಡಾಕ್ಟರು ನನಗೂ ನಡೆಯಲು ಹೇಳಿದರು. ನಡೆಯಲು ಹೊರಟರೆ ದಾರಿಯಲ್ಲಿ ಸಿಕ್ಕವರೆಲ್ಲ ನಿಲ್ಲಿಸಿ ಮಂಡಿನೋವಿಗೆ ಏನು ಹಚ್ಚಬೇಕು ಎಂದು ಕೇಳುತ್ತಿದ್ದರು. ಇದು ಆಗಿಬರುವುದಿಲ್ಲವೆಂದು ಒಂದು ಗ್ರಾವೆಲ್ ಬೈಕ್ ಕೊಂಡೆ. ಡಾಂಬರು ಬಿಟ್ಟು ಜಲ್ಲಿ, ಮಣ್ಣು, ಬಂಡಿಜಾಡಿನ ಮೇಲೆ ಓಡುವ ದಪ್ಪ ಚಕ್ರದ ಸೈಕಲ್ಲು ಅದು. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡಿರುತ್ತದೆ. ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ. ಮನೆಗೆ ತಂದ ದಿನ ನನ್ನ ಹೆಂಡತಿ ಅದಕ್ಕೊಂದು ಪ್ರದಕ್ಷಿಣೆ ಹಾಕಿ, "ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಕ್ಕೂ ಜಾಗ ಇಲ್ವಲ್ರೀ ಇದ್ರಲ್ಲಿ" ಎಂದಳು.

ಭಾನುವಾರ ಬೆಳಗ್ಗೆ ನನ್ನ ಜೊತೆ ಬರುವ ಗೆಳೆಯ ಒಬ್ಬ ಲಾರಿ ಮೆಕ್ಯಾನಿಕ್. ಶಿರಾದಿಂದ ಬಂದು ನಮ್ಮೂರಲ್ಲಿ ನೆಲೆಸಿದವನು. ಅವನು ಚಕ್ರ, ಚೈನು ನೋಡಿಕೊಳ್ಳುತ್ತಾನೆ, ದಾರಿ ಹುಡುಕುವ ಕೆಲಸ ನನ್ನದು. ಕೊರಟಗೆರೆಯ ಬೆಟ್ಟಗಳ ಹಿಂಬದಿ, ಪಾವಗಡ ಕಡೆಯ ಬಂಡೆಗಳ ಸಂದಿ, ಶಿರಾ ಕಡೆಯ ಕುರುಚಲು ಕಾಡು, ಎಲ್ಲೆಲ್ಲಿ ದನಕರು ನಡೆದ ಗುರುತಿದೆಯೋ ಅಲ್ಲೆಲ್ಲ ನಾವು ಹೋಗಿದ್ದೇವೆ. ಹಳ್ಳಿಯವರು ನಮ್ಮನ್ನು ಕಂಡರೆ ಮರುಗುತ್ತಾರೆ. ವಯಸ್ಸಾದವರು, ಪಾಪ, ಗಾಡಿ ಕೆಟ್ಟಿರಬೇಕು ಎನ್ನುತ್ತಾರೆ. ನಾಗಲಮಡಿಕೆ ಕಡೆ ಹೋದರೆ ಅದೇ ಕನಿಕರ ತೆಲುಗಿನಲ್ಲಿ ಸಿಗುತ್ತದೆ.

ನಾನು ಫೋನಿನ ಮ್ಯಾಪಿನಲ್ಲಿ ಗೆರೆ ಎಳೆದು ಕಳಿಸಿದ ದಾರಿಗಳನ್ನು ಹಿಡಿದು ತುಮಕೂರು, ಬೆಂಗಳೂರಿನಿಂದಲೂ ಸೈಕಲ್ಲಿನವರು ಬರತೊಡಗಿದರು. ಎಲ್ಲಕ್ಕಿಂತ ಹೆಸರಾದದ್ದು ಐ.ಡಿ.ಹಳ್ಳಿ ಕಡೆಯ ದಾರಿ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಹಾಯಾಗಿ ಹೋಗುತ್ತಿದ್ದದ್ದು, ಒಂದು ಸಣ್ಣ ಊರು ಕಣ್ಣಿಗೆ ಬೀಳುವ ಹೊತ್ತಿಗೆ ಸರಕ್ಕನೆ ಎಡಕ್ಕೆ ತಿರುಗಿ ಗುಡ್ಡ ಹತ್ತುತ್ತದೆ. ಕಮರದ ಮರ, ಜಾಲಿ, ಸೀತಾಫಲದ ಪೊದೆಗಳ ನಡುವೆ ಏದುಸಿರು ಬಿಡಿಸಿ, ಎರಡು ಬಂಡೆಗಳ ಮಧ್ಯದ ಕೊರಕಲಿನಲ್ಲಿ ಇಳಿಸಿ, ಊರು ದಾಟಿದ ಮೇಲೆ ಮತ್ತೆ ರಸ್ತೆಗೆ ತಂದು ಬಿಡುತ್ತದೆ. ಎಂಥಾ ಕಣ್ಣು ಸಾರ್ ನಿಮ್ಮದು, ಎಂಥ ಕಾಡು ಹುಡುಕಿದ್ದೀರಿ ಎಂದು ಬಂದವರು ಕೈ ಕುಲುಕುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ. ನಿಜ ಹೇಳುತ್ತೇನೆ, ನಾನು ಹುಡುಕಿದ್ದು ಕಾಡನ್ನಲ್ಲ. ಆ ಊರಿನ ರಸ್ತೆ ಪಕ್ಕದಲ್ಲೇ ನನ್ನ ಅಕ್ಕನ ಮನೆಯಿದೆ. ಆ ಮನೆಯ ಮುಂದೆ ಹಾದುಹೋಗಲು ನನಗೆ ಮುಖವಿರಲಿಲ್ಲ.

ಜಗಳ ಶುರುವಾದದ್ದು ಅಕ್ಕನ ಮಗಳ ಲಗ್ನಪತ್ರಿಕೆಯಿಂದ. ಹುಡುಗಿಗೆ ನಾನೊಬ್ಬನೇ ಸೋದರಮಾವ. ಪತ್ರಿಕೆಯಲ್ಲಿ ಭಾವನ ಕಡೆಯವರ ಹೆಸರೆಲ್ಲ ಸಾಲಾಗಿ ಅಚ್ಚಾಗಿತ್ತು, ನನ್ನದು ಮಾತ್ರ ಎಲ್ಲೂ ಇರಲಿಲ್ಲ. ಕೊನೆಯಲ್ಲಿ 'ಮತ್ತು ಬಂಧುಮಿತ್ರರು' ಎಂದಿತ್ತಲ್ಲ, ಅದರೊಳಗೆ ನಾನಿದ್ದೆನಂತೆ. ಭಾವ ಕನ್ನಡಕ ಇಲ್ಲದೆ ಕರಡು ನೋಡಿದ್ದರು, ಅಷ್ಟೇ. ನಾನು ಮದುವೆಗೆ ಹೋದೆ, ಹುಡುಗಿಯನ್ನು ಹಸೆಮಣೆಗೆ ಕರೆತಂದೆ, ಆಮೇಲೆ ಊಟ ಮಾಡದೆ ಎದ್ದು ಬಂದೆ. ನಮ್ಮ ಕಡೆ ಮದುವೆಗೆ ಬಾರದಿದ್ದರೆ ಕ್ಷಮೆಯುಂಟು, ಬಂದು ಉಣ್ಣದೆ ಹೋದರೆ ಇಲ್ಲ. ಬಾಗಿಲು ದಾಟುವಾಗ ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ವೋದ್ರೆ ವೋಗ್ಲಿ ಬುಡಿ."

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವಳು. ನಾಲ್ಕು ವರ್ಷ ನಾವು ಮಾತಾಡಲಿಲ್ಲ. ಗೌರಿ ಹಬ್ಬದ ಬಾಗಿನವನ್ನು ಹೆಂಡತಿಯ ಕೈಲಿ ಕಳಿಸುತ್ತಿದ್ದೆ. ಅವಳು ಹಿಂದಿರುಗಿದಾಗ ಏನೂ ಕೇಳದವನ ಹಾಗೆ ಪೇಪರು ಓದುತ್ತಾ ಕಿವಿಯನ್ನೆಲ್ಲ ಆ ಕಡೆಗೇ ಇಟ್ಟಿರುತ್ತಿದ್ದೆ. ಅಕ್ಕನನ್ನು ನೋಡಬೇಕು ಅನ್ನಿಸುತ್ತಿತ್ತು, ಬಹಳ ಅನ್ನಿಸುತ್ತಿತ್ತು. ಆದರೆ ಮೊದಲು ಮಾತಾಡಿದವರು ಸೋತ ಹಾಗೆ ಎನ್ನುವ ಹಾಳು ಬುದ್ಧಿ ಬಿಡಲಿಲ್ಲ. ಹೀಗೆ ಸೈಕಲ್ ಕೊಂಡ ಮೇಲಿನ ಎರಡು ವರ್ಷ, ಅರ್ಧ ಮೈಲಿ ಊರನ್ನು ತಪ್ಪಿಸಲು ಒಂದು ಗುಡ್ಡವನ್ನೇ ಸುತ್ತುತ್ತಿದ್ದೆ. ನನ್ನ ಹಟದಿಂದಾಗಿ ಬೆಂಗಳೂರಿನವರೂ ಅದನ್ನು ಸುತ್ತಿದರು, ಪಾಪ.

ಸೀತಾಫಲದ ಕಾಲದ ಒಂದು ಭಾನುವಾರ. ಕೊರಕಲಿನಲ್ಲಿ ಇಳಿಯುತ್ತಿದ್ದಾಗ ಮುಂದಿನ ಪೊದೆ ಅಲ್ಲಾಡಿತು. "ಭಾಯ್, ಕರಡಿ" ಎಂದು ಗೆಳೆಯ ಹಿಂದಿನಿಂದ ಪಿಸುಗುಟ್ಟಿದ. ಆ ಗುಡ್ಡದಲ್ಲಿ ಕರಡಿ ಇರುವುದೂ ನಿಜ, ಅದಕ್ಕೆ ಸೀತಾಫಲ ಎಂದರೆ ಪ್ರಾಣ ಎನ್ನುವುದೂ ನಿಜ. ಇಬ್ಬರೂ ಬ್ರೇಕ್ ಹಿಡಿದು ನಿಂತೆವು. ಪೊದೆಯಿಂದ ಮೊದಲು ಹಣ್ಣು ಕೀಳುವ ಒಂದು ದೋಟಿ ಹೊರಬಂತು, ಆಮೇಲೆ ಒಂದು ಮಂಕರಿ, ಆಮೇಲೆ ನನ್ನ ಅಕ್ಕ. ಕರಡಿಯೇ ಆಗಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು.

ಎರಡೂ ಕಡೆ ಬಂಡೆ, ತಿರುಗಿಸಿಕೊಂಡು ಓಡಲು ಜಾಗವಿಲ್ಲ. ಅಕ್ಕ ನನ್ನ ಹೆಲ್ಮೆಟ್ಟನ್ನೇ ನೋಡುತ್ತಾ ನಿಂತಳು.

"ತಲೆ ಮ್ಯಾಲೆ ಏನ್ಲಾ ಅದು? ಕೋಳಿ ಕವುಚಾಕೋ ಮಂಕ್ರಿ ಇದ್ದಂಗೈತೆ."

ನಾಲ್ಕು ವರ್ಷದ ಮೇಲಿನ ಮೊದಲ ಮಾತು ಇದು. ಬಿದ್ದರೆ ತಲೆ ಒಡೆಯಬಾರದು ಅಂತ ಹಾಕಿರುವುದು ಎಂದೆ. "ಒಡಿಯಕ್ಕೆ ಒಳಗೇನೈತೆ?" ಎಂದಳು. ಹಿಂದೆ ಗೆಳೆಯ ಕಿಸಕ್ಕನೆ ನಕ್ಕ.

ಆಮೇಲೆ ಅವಳ ದನಿ ಮೆತ್ತಗಾಯಿತು. "ಇವತ್ತೇನು ಈ ಕಡೆಯಿಂದ ಬಂದ್ಬುಟ್ಟೆ? ದಿನಾ ಬರೋ ರಸ್ತೇಲೇ ವೋಗು. ಜಗಲಿ ಮ್ಯಾಲೆ ಮಜ್ಜಿಗೆ ಇಕ್ಕಿ ಬಂದಿವ್ನಿ."

ನನಗೆ ಅರ್ಥವಾಗಲಿಲ್ಲ. ಅವಳು ಬಂಡೆಯ ಮೇಲೆ ಕೂತು ಬಿಡಿಸಿ ಹೇಳಿದಳು. ನಾನು ಭಾನುವಾರ ಆ ರಸ್ತೆಯಲ್ಲಿ ಸೈಕಲ್ ಹೊಡೆಯುವುದನ್ನು ಬಾಗಿನ ತಂದ ನನ್ನ ಹೆಂಡತಿ ಹೇಳಿದ್ದಳು. "ನಾನು ಜಗಲಿ ಮ್ಯಾಲೆ ಕುಂತಿದ್ರೆ ನೀನು ನಿಲ್ಲಾಕಿಲ್ಲ, ನಿನ್ ಹಟ ನಂಗೊತ್ತಿಲ್ವಾ? ಅದ್ಕೇ ಬಾನುವಾರ ಹೊತ್ತಾರೆ ಒಂದು ಚೆಂಬು ಮಜ್ಜಿಗೆ ಮಡಗಿ, ಬಾಗ್ಲು ಹಾಕ್ಕೊಂಡು ಗುಡ್ಡದ ಆ ಮಗ್ಗುಲಿಗೆ ವೋಗ್ಬುಡ್ತೀನಿ, ಈ ಕೊರಕ್ಲಿಗೆ ಇವತ್ತೇ ಬಂದಿದ್ದು. ಒಂದ್ಕಾಲದಲ್ಲಿ ಸೌದೆ, ಒಂದ್ಕಾಲದಲ್ಲಿ ಹಣ್ಣು. ನಾನಿಲ್ದಿದ್ರೆ ಕುಡ್ದು ವೋಯ್ತೀಯ ಅಂತ. ವೋಗಿ ನೋಡುದ್ರೆ ಚೆಂಬು ಖಾಲಿ ಇರ್ತದೆ. ಮಾತಾಡ್ದಿದ್ರೆ ಏನು, ನಮ್ಮನೇದು ಕುಡ್ದವ್ನಲ್ಲಾ ಅಂತ ಸಮಾಧಾನ."

ಎರಡು ವರ್ಷದಲ್ಲಿ ಒಂದು ದಿನವೂ ನಾನು ಆ ಜಗಲಿಯ ಹತ್ತಿರ ಸುಳಿದಿರಲಿಲ್ಲ. ಗೆಳೆಯ ಏನೋ ಹೇಳಲು ಬಾಯಿ ತೆರೆದ. ಅವನ ಕಾಲು ತುಳಿದೆ.

"ಮಜ್ಜಿಗೆಗೆ ಉಪ್ಪು ಒಂಚೂರು ಜಾಸ್ತಿ ಹಾಕ್ತೀಯ ಕಣಕ್ಕ" ಎಂದೆ.

ಅಕ್ಕ ನನ್ನನ್ನೇ ನೋಡಿದಳು. "ನಂಗೆ ಬಿಪಿ ಬಂದು ಮೂರು ವರ್ಷ ಆಯ್ತು. ನಮ್ಮನೇಲಿ ಮಜ್ಜಿಗೆಗೆ ಉಪ್ಪೇ ಹಾಕಾಕಿಲ್ಲ ಕಣ್ಲಾ."

ಔಷಧಿ ಅಂಗಡಿಯವನಿಗೆ ಸ್ವಂತ ಅಕ್ಕನ ಬಿಪಿಯೂ ಗೊತ್ತಿರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು. ಎಲ್ಲ ಒಪ್ಪಿಕೊಂಡೆ. ನೀನು ಕಂಡುಬಿಡುತ್ತೀಯೆಂದೇ ಈ ಗುಡ್ಡ ಹತ್ತುತ್ತಿದ್ದೆ ಎಂದೆ. ಅವಳು ಬೈಯಲಿಲ್ಲ. ಮಂಕರಿಯ ಹಣ್ಣುಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು.

"ಅಂಗಾದ್ರೆ ಯಾರು ಕುಡೀತಿದ್ರು?"

"ನಾಯಿಗೀಯಿ ಇರ್ಬೇಕು" ಎಂದೆ. "ಮುಚ್ಚಳ ಹಾಕಿಡ್ತಿದ್ದೆ" ಎಂದು ಎದ್ದಳು.

ಮೂವರೂ ಊರಿನ ಕಡೆ ಇಳಿದೆವು. ಮಂಕರಿಯನ್ನು ಹ್ಯಾಂಡಲ್ಲಿನ ಮೇಲೆ ಕೂರಿಸಿ, ಬೀಳದ ಹಾಗೆ ಒಂದು ಕೈಲಿ ಹಿಡಿದು, ಸೈಕಲ್ಲನ್ನು ನೂಕಿಕೊಂಡು ನಡೆದೆ. ಈ ದುಬಾರಿ ಸೈಕಲ್ಲಿಗೆ ಈಗೊಂದು ಕೆಲಸ ಸಿಕ್ಕಿತು ಎಂದು ಗೆಳೆಯ ದಾರಿಯುದ್ದಕ್ಕೂ ಹಂಗಿಸಿದ. ಅಕ್ಕ ನಗಲಿಲ್ಲ. ಎರಡು ವರ್ಷದ ಸಮಾಧಾನವನ್ನು ನಾನು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದೆ.

ಮನೆ ಹತ್ತಿರವಾದಾಗ ಕೆಮ್ಮು ಕೇಳಿಸಿತು. ಜಗಲಿಯ ಮೇಲೆ ಭಾವ ಕೂತಿದ್ದರು. ಭಾನುವಾರ ಬೆಳಗ್ಗೆ ಹೊಲದಲ್ಲಿರಬೇಕಾದವರು. ಕೈಲಿ ಖಾಲಿ ಚೆಂಬು, ಮೀಸೆಯ ತುಂಬ ಮಜ್ಜಿಗೆ. ಭಾವನಿಗೆ ಮಜ್ಜಿಗೆ ಆಗದು, ಕುಡಿದರೆ ಎರಡು ದಿನ ಕೆಮ್ಮುತ್ತಾರೆ. ನೆಂಟರಿಗೆಲ್ಲ ಗೊತ್ತಿರುವ ವಿಷಯ ಅದು. ನಮ್ಮನ್ನು ಒಟ್ಟಿಗೆ ಕಂಡು ಅವರು ಚೆಂಬನ್ನು ಪಂಚೆಯ ಮರೆಗೆ ಸರಿಸಲು ನೋಡಿದರು.

"ನೀವಾ?" ಎಂದಳು ಅಕ್ಕ.

ಭಾವ ಟವೆಲ್ಲಿನಿಂದ ಮೀಸೆ ಒರೆಸಿಕೊಂಡರು. "ಮೊದಲ್ನೇ ವಾರ ನೀನು ಬಂದು ನೋಡ್ದಾಗ ಚೆಂಬು ತುಂಬಿದ್ದಂಗೇ ಇತ್ತು. ಆವತ್ತು ನೀನು ಉಣ್ಲಿಲ್ಲ. ಎರಡ್ನೇ ವಾರ ನಾನು ಕುಡ್ದು ಮಡಗ್ದೆ. ಆವತ್ತು ಉಂಡೆ."

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ ಭಾವನ ಪಕ್ಕದಲ್ಲಿ ಕೂತೆ. ಅಳು ಬಂತು, ತಡೆಯಲು ಹೋಗಲಿಲ್ಲ. ಭಾವ ಕೆಮ್ಮುತ್ತಲೇ ಇದ್ದರು.