ಪಟ್ಟಂನ ವಿಳಾಸ

ಟಕ್ ಟಕ್, ಟಕ್ ಟಕ್ ಟಕ್. ಫೋನಿನ ಆ ಕಡೆ ಒಬ್ಬಳು ಹುಡುಗಿ ಕೀಬೋರ್ಡ್ ಒತ್ತುತ್ತಿದ್ದ ಸದ್ದು. ಈ ಕಡೆ ಅಡುಗೆಮನೆಯ ನೆಲದ ಮೇಲೆ ನನ್ನ ತಂಗಿ ವಿಮಲಾ ಉಸಿರಿಗಾಗಿ ಒದ್ದಾಡುತ್ತಿದ್ದಳು. ಇವತ್ತಿಗೂ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಯಾರಾದರೂ ಹಾಗೆ ಟೈಪ್ ಮಾಡಿದರೆ ಎದ್ದು ಹೊರಗೆ ಹೋಗಿಬಿಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಗಿವ್ವ ನಂಬುವವಳಲ್ಲ ನಾನು. ಕಾಸರಗೋಡಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಕಾನ್ವೆಂಟಿನಲ್ಲಿ ಹೇಳಿದರೆ ಸಿಸ್ಟರುಗಳು ‘ಸೂಪರ್‌ಸ್ಟಿಷನ್’ ಎಂದು ಮೂಗು ಮುರಿಯುತ್ತಿದ್ದರು. ನಾನೂ ಮುರಿಯಲು ಕಲಿತೆ. ಆಮೇಲೆ ಲಾ ಓದಿ, ತಿರುವನಂತಪುರದ ಸರ್ಕಾರಿ ಕಚೇರಿಯಲ್ಲಿ ನಿವೃತ್ತಿಯಾಗುವವರೆಗೆ ನಿಯಮಗಳ ಡ್ರಾಫ್ಟ್ ಬರೆದೆ. ಪ್ರೂಫ್ ಇಲ್ಲದ್ದು ಇಲ್ಲ, ಅಷ್ಟೇ.

ಕೊನೆಯ ವರ್ಷಗಳಲ್ಲಿ ಇಂಟರ್ನೆಟ್ ಫೋನುಗಳಿಗೆ ನಿಯಮ ಬರೆಯುವ ಒಂದು ಸಮಿತಿಯಲ್ಲಿ ನನ್ನನ್ನು ಕೂರಿಸಿದ್ದರು. ಹಳೆಯ ಫೋನು ಗೋಡೆಯ ತಂತಿಗೆ ಕಟ್ಟಿಕೊಂಡಿರುತ್ತದೆ, ಕರೆ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಇಂಟರ್ನೆಟ್ ಫೋನು ಹಾಗಲ್ಲ. ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಯಾವ ಊರಿಗಾದರೂ ಹೋಗಬಹುದು, ನಂಬರ್ ಅದೇ. ಅದರಿಂದ ಯಾರಾದರೂ ಆಂಬುಲೆನ್ಸಿಗೆ ಕರೆ ಮಾಡಿದರೆ ಅವರಿರುವ ಜಾಗ ಹೇಳುವವರು ಯಾರು? ಜಾಗವನ್ನು ಯಂತ್ರವೇ ಪತ್ತೆಹಚ್ಚಬೇಕು, ಕಂಪನಿಗಳಿಗೆ ಅದನ್ನು ಕಡ್ಡಾಯ ಮಾಡಿ ಎಂದು ಒಬ್ಬ ಎಂಜಿನಿಯರ್ ಗಂಟಲು ಹರಿದುಕೊಂಡ. ಕಂಪನಿಯವರು ಪರಿಪ್ಪುವಡ ಮೆಲ್ಲುತ್ತ, ಖರ್ಚು ಜಾಸ್ತಿ ಮೇಡಂ, ಫಾರಂನಲ್ಲಿ ಗಿರಾಕಿ ವಿಳಾಸ ಕೊಟ್ಟಿರುತ್ತಾನಲ್ಲ ಎಂದರು. ಊಟದ ಹೊತ್ತಾಗಿತ್ತು. ‘ಸ್ಥಳ ಬದಲಾವಣೆಯನ್ನು ತಿಳಿಸುವುದು ಗಿರಾಕಿಯ ಹೊಣೆ’ ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದು ಜಗಳ ಮುಗಿಸಿದವಳು ನಾನು. ವೆರಿ ನೀಟ್ ಎಂದು ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿಕೊಂಡೆ, ಥೂ.

ನಿವೃತ್ತಿಯ ನಂತರ ನಾನು, ವಿಮಲಾ ಇಬ್ಬರೇ ತಿರುವನಂತಪುರದ ಪಟ್ಟಂನ ಫ್ಲ್ಯಾಟಿನಲ್ಲಿದ್ದೆವು. ಅವಳ ಹಾರ್ಟ್ ಡಾಕ್ಟರು ಇನ್ನೂರು ಕಿಲೋಮೀಟರ್ ದೂರದ ಎರ್ನಾಕುಲಂನವರು. ಓಡಾಟ ಸಾಕಾಗಿ, ಆ ಮನೆಗೆ ಬೀಗ ಹಾಕಿ ಎರ್ನಾಕುಲಂನ ಕಲೂರಿನಲ್ಲಿ ಮೂರನೇ ಮಹಡಿಯ ಒಂದು ಬಾಡಿಗೆ ಮನೆ ಹಿಡಿದೆವು. ಇಂಟರ್ನೆಟ್ ಫೋನನ್ನು ಸೀರೆಗಳ ನಡುವೆ ಸುತ್ತಿ ತಂದು ಚುಚ್ಚಿದೆ. ಚುಚ್ಚಿದ ಕೂಡಲೇ ಡಯಲ್ ಟೋನ್ ಬಂತು.

“ನಂಬರೂ ನಮ್ಮೊಟ್ಟಿಗೆ ಬಸ್ಸು ಹತ್ತಿ ಬಂತಲ್ಲ ಮಾರಾಯ್ತಿ!” ಎಂದು ವಿಮಲಾ ನಕ್ಕಳು. “ಅಕ್ಕ, ಅಡ್ರೆಸ್ ಬದಲಾಯಿಸ್ಲಿಕ್ಕೆ ಉಂಟಲ್ವಾ?”

“ನಾಳೆ ಮಾಡ್ತೇನೆ. ಎಂತದೋ ಪಾಸ್‌ವರ್ಡ್ ಕೇಳ್ತದೆ.”

“ಊರಿಗೆಲ್ಲ ರೂಲ್ ಬರೆದವಳು ನೀನು. ನಿನಗೆ ಮಾತ್ರ ನಾಳೆ.”

ಆ ನಾಳೆ ಎಂಟು ತಿಂಗಳಾದರೂ ಬರಲಿಲ್ಲ.

ಅವತ್ತು ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆಯಷ್ಟೇ ಲಿಫ್ಟ್ ಕೆಟ್ಟಿತ್ತು. ನನ್ನ ಮೊಬೈಲು ರಿಪೇರಿಗೆ ಹೋಗಿತ್ತು, ವಿಮಲಾ ಮೊಬೈಲ್ ಇಟ್ಟುಕೊಂಡವಳೇ ಅಲ್ಲ. ಅನ್ನ ಬಸಿಯುತ್ತಿದ್ದವಳು ಕುಸಿದಳು. ಆ ಫೋನಿನಿಂದಲೇ ಆಂಬುಲೆನ್ಸಿಗೆ ಕರೆ ಮಾಡಿದೆ. “ಪೇಡಿಕ್ಕೇಂಡ ಅಮ್ಮೇ,” ಹೆದರಬೇಡಿ ಎಂದಳು ಆ ಹುಡುಗಿ. ಟಕ್ ಟಕ್ ಟಕ್. “ಅಡ್ರೆಸ್ ಸ್ಕ್ರೀನಿನಲ್ಲಿ ಇದೆ. ಗಾಡಿ ಹೊರಟಿತು.” ಸ್ಕ್ರೀನಿನಲ್ಲಿ ಇದೆ ಎಂದ ಮೇಲೆ ಇದ್ದೇ ಇರುತ್ತದೆ ಎಂದುಕೊಂಡು ರಿಸೀವರ್ ಇಟ್ಟುಬಿಟ್ಟೆ. ಕಾಗದದ ಮೇಲೆ ನಂಬಿಕೆಯಿಟ್ಟು ಬದುಕಿದವರು ಮಾತ್ರ ಮಾಡುವ ಮೂರ್ಖತನ.

ಹತ್ತು ನಿಮಿಷವಾದ ಮೇಲೆ ಹೊಳೆಯಿತು. ಯಾವ ಅಡ್ರೆಸ್? ಮತ್ತೆ ಫೋನ್ ಎತ್ತಿದರೆ ಸದ್ದಿಲ್ಲ. ಕರೆಂಟ್ ಹೋಗಿತ್ತು, ಕರೆಂಟಿಲ್ಲದೆ ಆ ಫೋನಿಗೆ ಜೀವವಿಲ್ಲ. ಅಕ್ಕಪಕ್ಕದವರೆಲ್ಲ ಕೆಲಸಕ್ಕೆ ಹೋಗಿದ್ದರು. ಬಾಲ್ಕನಿಯಿಂದ ಕೂಗಿದೆ, ಎದುರಿನ ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಅವಳನ್ನು ಬಿಟ್ಟು ಕೆಳಗಿಳಿಯಲು ಧೈರ್ಯ ಬರಲಿಲ್ಲ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿತ್ತು.

ಇನ್ನೂ ಅರ್ಧ ಗಂಟೆಯ ಮೇಲೆ ಸೈರನ್ ಕೇಳಿತು. ಸ್ಟ್ರೆಚರ್ ಹಿಡಿದ ಇಬ್ಬರು, ಯಾರನ್ನೂ ಕೇಳದೆ, ಹಿಂದಿನ ಮೆಟ್ಟಿಲಿನಿಂದ ನೇರ ನಮ್ಮ ಬಾಗಿಲಿಗೆ ಬಂದರು.

ವಿಮಲಾ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಅರ್ಧ ಗಂಟೆ ಮುಂಚೆ ತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ನಿಮಗೆ ವಿಳಾಸ ಕೊಟ್ಟವರು ಯಾರು ಎಂದು ಆ ಇಬ್ಬರನ್ನು ಕೇಳಿದೆ. ತಿರುವನಂತಪುರದ ಗಾಡಿಯವರು ಎಂದರು. ಪಟ್ಟಂಗೆ ಹೋಗಿದ್ದ ಆ ಡ್ರೈವರನ ಜೊತೆ ಆಮೇಲೆ ನಾನೇ ಮಾತಾಡಿದೆ. ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇರಲಿಲ್ಲ. ಫ್ಲ್ಯಾಟಿನ ಬಾಗಿಲಲ್ಲೇ ಒಬ್ಬ ಅಮ್ಮ ನಿಂತಿದ್ದರಂತೆ. ಏದುಸಿರು ಬಿಡುತ್ತಿದ್ದರಂತೆ. ‘ನನ್ನ ಅಕ್ಕ ಎರ್ನಾಕುಲಂನ ಕಲೂರಿನಲ್ಲಿದ್ದಾಳೆ, ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ, ಹಿಂದಿನ ಮೆಟ್ಟಿಲು ಹತ್ತಲು ಹೇಳಿ’ ಎಂದು ಬಿಲ್ಡಿಂಗಿನ ಹೆಸರನ್ನೂ ಹೇಳಿದರಂತೆ. ಅವನು ಎರ್ನಾಕುಲಂನ ಗಾಡಿಯವರಿಗೆ ಫೋನ್ ಮಾಡಿ ತಿರುಗಿದಾಗ ಬಾಗಿಲಿಗೆ ಬೀಗವಿತ್ತು. “ಅವರ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ ಮೇಡಂ,” ಎಂದ, ನಾನು ಕೇಳದಿದ್ದರೂ. ಆ ಬೀಗದ ಕೈ ಇದ್ದದ್ದು ನನ್ನ ಹ್ಯಾಂಡ್‌ಬ್ಯಾಗಿನಲ್ಲಿ.

ಕಂಪನಿಗೆ ದೂರು ಬರೆದೆ. ಮೊದಲು ಬಂದದ್ದು, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಮೆಸೇಜು. ಆಮೇಲೆ ಒಂದು ಪತ್ರ. ವಿಷಾದವಿದೆ, ಆದರೆ ಸ್ಥಳ ಬದಲಾವಣೆಯನ್ನು ತಿಳಿಸುವುದು ಗಿರಾಕಿಯ ಹೊಣೆ. ನನ್ನದೇ ವಾಕ್ಯ, ಒಂದು ಕಾಮಾ ಕೂಡ ಆಚೀಚೆ ಆಗಿರಲಿಲ್ಲ. ಅವರ ಮೇಲಿನ ಅಸಹ್ಯ ಎಷ್ಟು, ನನ್ನ ಮೇಲಿನದು ಎಷ್ಟು, ಈಗಲೂ ಬೇರೆ ಮಾಡಲಾರೆ.

ಆ ಇನ್ನೊಂದು ಚಪ್ಪಲಿ ಕಲೂರಿನ ಮನೆಯಲ್ಲಿ ಎಲ್ಲೂ ಸಿಗಲಿಲ್ಲ. ಪಟ್ಟಂನ ಬಾಗಿಲು ತೆರೆದು ನೋಡಲು ಇವತ್ತಿನವರೆಗೆ ಹೋಗಿಲ್ಲ. ಪ್ರೂಫ್ ಬೇಕು ಎನ್ನುತ್ತಿದ್ದವಳು ನಾನೇ.

ಅವಳನ್ನು ಜೀವಂತವಾಗಿ ಕೊನೆಯ ಸಲ ನೋಡಿದ್ದು ಆಂಬುಲೆನ್ಸಿನ ಹಿಂಬಾಗಿಲಲ್ಲಿ. ನನ್ನನ್ನು ಮುಂದೆ ಡ್ರೈವರನ ಪಕ್ಕ ಕೂರಲು ಹೇಳಿದ್ದರು. ಬಾಗಿಲು ಹಾಕುವ ಮೊದಲು ಬಗ್ಗಿದೆ. ಪಟ್ಟಂನ ವಿಷಯ ನನಗಿನ್ನೂ ಗೊತ್ತಿರಲಿಲ್ಲ. ಅವಳು ಕಣ್ಣು ಬಿಟ್ಟಳು. ಬಹಳ ದೂರ ನಡೆದು ಬಂದವಳ ಹಾಗೆ ಸುಸ್ತಾಗಿದ್ದಳು.

“ಅಡ್ರೆಸ್ ಹೇಳಿ ಬಂದೆ, ಅಕ್ಕ,” ಎಂದಳು.