ಬಾಳಮ್ಮ ಬೇರೆ ಇಟ್ಟ ಹುಳಗಳು

ಬೇಮಳಖೇಡದ ಬಾಳಮ್ಮನಿಗೆ ನಾಲ್ಕು ಎಮ್ಮೆ, ಒಂದು ತುಂಡು ಹೊಲ, ಯಾರಿಗೂ ಹೆದರದ ಬಾಯಿ. 2006ರ ಮಳೆಗಾಲದಲ್ಲಿ ನಾನು, ಬಸವಕಲ್ಯಾಣದ ದೀಪಾಲಿ, ಪಿಎಚ್.ಡಿ. ಮಾಡುವ ಸೊಕ್ಕಿನಲ್ಲಿ ಆಕೆಯ ತಿಪ್ಪೆಯ ಮುಂದೆ ಹೋಗಿ ಕೂತೆ. ನನಗೆ ಬೇಕಿದ್ದದ್ದು ಸ್ಪ್ರಿಂಗ್‌ಟೇಲ್ ಎಂಬ ಹುಳ. ಎಳ್ಳಿಗಿಂತ ಸಣ್ಣದು, ಹೊಟ್ಟೆಯಡಿಯ ಕವೆಯನ್ನು ನೆಲಕ್ಕೆ ಬಡಿದು ಟಣ್ಣನೆ ಹಾರುತ್ತದೆ.

“ಇಷ್ಟು ಸಾಲಿ ಕಲ್ತು ಸಗಣ್ಯಾಗ ಏನ್ ಹುಡುಕಾಕತ್ತಿ ತಂಗಿ?”

“ಯಾವ ಹುಳ ಯಾವುದರ ಬಳಗ ಅಂತ ನೋಡಾಕತ್ತೇನ್ರಿ ಆಯಿ. ತಾಯಿಯಿಂದಷ್ಟೇ ಬರೋ ಗುರುತು ಒಂದು ಮೈಯಾಗ ಇರ್ತದ, ಮೈಟೊಕಾಂಡ್ರಿಯದ ಜೀನೋಮ್ ಅಂತಾರ. ಅದನ್ನ ಪೂರಾ ಓದಿದ್ರ ತಿಳೀತದ.”

“ಅಷ್ಟೇ ಏನು? ನಾನೂ ಎಮ್ಮೀನ ತಾಯಿ ಹಿಡದೇ ಹೇಳ್ತೀನಿ. ಇದು ಗೌರಿ ಮಗಳು, ಗೌರಿ ಚಂದ್ರಿ ಮಗಳು. ಕ್ವಾಣ ಯಾವುದಿತ್ತೋ ಯಾರಿಗ್ಗೊತ್ತು!”

ತಿಪ್ಪೆಯ ಹುಳಗಳನ್ನೂ ನೀರಿನ ಬಾನಿಯ ಬುಡದವನ್ನೂ ಬೇರೆ ಬೇರೆ ಶೀಶೆಗೆ ಹಾಕಿಸಿದವಳು ಆಕೆಯೇ. “ಕೂಡಿಸಬ್ಯಾಡ. ತಿಪ್ಪೀವು ಕೈ ಹಚ್ಚೂದ್ರಾಗ ಹಾರ್ತಾವ. ಬಾನಿವು ಮೊದಲ ಸತ್ತಂಗ ಬೀಳ್ತಾವ, ಆಮ್ಯಾಲ ಹಾರ್ತಾವ. ಇವು ಬ್ಯಾರೆ, ಅವು ಬ್ಯಾರೆ.”

ನನ್ನ ಮಸೂರದಲ್ಲಿ ಎರಡೂ ಒಂದೇ ಥರ ಕಂಡವು. ಒಂದು ಹುಳದ ಮೈಯಲ್ಲಿ ಸಿಗುವ ಡಿಎನ್‌ಎ ಎಷ್ಟು? ನೂರಾರು ಕೂಡಿಸಿ ಅರೆಯಬೇಕು. ಎಮ್ಮೆ ಕಾಯುವಾಕೆ ನನಗೇನು ಹೇಳುವುದು ಎಂದುಕೊಂಡು, ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಎರಡೂ ಶೀಶೆ ಒಂದಕ್ಕೆ ಸುರಿದೆ. ದಡ್ಡಿ ನಾನು.

ಮರುವರ್ಷ ಏಪ್ರಿಲ್‌ನಲ್ಲಿ, ಹುಳ ಕಳಿಸಿದ್ದ ಹೈದರಾಬಾದಿನ ಲ್ಯಾಬಿನಿಂದ ಉತ್ತರ ಬಂತು: ಎರಡು ತಾಯಿವಂಶ ಕಲಸಿಹೋಗಿವೆ, ಯಾವುದನ್ನೂ ಪೂರಾ ಓದಲಾಗದು. ತಿಂಗಳೊಳಗೆ ಹೊಸ ಹುಳ ಕೊಡದಿದ್ದರೆ ಪಿಎಚ್.ಡಿ. ಮರೆತುಬಿಡು ಎಂದರು ನನ್ನ ಗೈಡ್. ಹೊರಗೆ ನೆಲ ಬಿರಿದಿತ್ತು. ಒಣ ಮಣ್ಣಿನಲ್ಲಿ ಈ ಹುಳ ಕಣ್ಣಿಗೆ ಬೀಳುವುದಿಲ್ಲ.

ನಾಚಿಕೆ ಬಿಟ್ಟು ಬೇಮಳಖೇಡಕ್ಕೆ ಹೋದೆ. “ಎರಡೂ ಕೂಡಿಸಿಬಿಟ್ಟೆನ್ರಿ ಆಯಿ. ತಪ್ಪಾತ್ರಿ.”

ಬಾಳಮ್ಮ ಮನಸ್ಸಿಗೆ ಬಂದಂತೆ ಬೈದಳು. ಬೈದು ಮುಗಿದ ಮೇಲೆ ತಿಪ್ಪೆಯ ಮೂಲೆಗೆ ಹೋಗಿ ಒಂದು ಗೋಣಿಚೀಲ ಎತ್ತಿದಳು. ಕೆಳಗೆ ಮಣ್ಣು ಹಸಿಯಾಗಿತ್ತು, ಹುಳ ಟಣಟಣ ಹಾರಿದವು. ಬಾನಿಯ ಬುಡದಲ್ಲಿ ಇನ್ನೊಂದು ಚೀಲ, ಅದರಡಿಯೂ ಹಸಿ. ಆ ಓಣಿಯ ನೀರೆಲ್ಲ ಊರಾಚೆಯ ಬೋರಿನಿಂದ ಹೊತ್ತು ತರಬೇಕು.

“ಬ್ಯಾಸಿಗಿ ತುಂಬ ನೀರ್ ಹಾಕೀರೇನ್ರಿ? ಯಾಕ್ರಿ ಆಯಿ?”

“ಅವತ್ತು ನನ್ನ ಮಾತಿಗೆ ಹೂಂ ಹೂಂ ಅಂದಿ, ಕಣ್ಣು ಬಸ್ಸಿನ ಕಡೆ ಇತ್ತು. ಕೂಡಿಸ್ತಿ, ಅಳಕೋತ ಬರ್ತಿ ಅಂತ ಅವತ್ತೇ ಗೊತ್ತಿತ್ತು ನನಗ.”