ಪೂಜೆಯಾಗದೆ ಉಣ್ಣದ ಬಾಣಂತಿ

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ನನ್ನ ತವರು ನಾಗಲಗಿದ್ದದ ಹತ್ತಿರದ ಹಳ್ಳಿ. ಆದರೆ ತೆಲಂಗಾಣ ರಾಜ್ಯ ಬೇಕೆಂಬ ಮುಷ್ಕರಕ್ಕೆ ಬಸ್ಸುಗಳೆಲ್ಲ ಡಿಪೋದಲ್ಲಿ ನಿಂತುಬಿಟ್ಟ ಕಾಲಕ್ಕೇ ಸರಿಯಾಗಿ ನನಗೆ ದಿನ ತುಂಬಿತು. ಅವ್ವ ಫೋನಿನಲ್ಲಿ ಅತ್ತಳು. ನಾನು ಜಹೀರಾಬಾದಿನ ಗಂಡನ ಮನೆಯಲ್ಲೇ ಹಿಂದಿನ ಕೋಣೆಯ ಹೊರಸು ಹಿಡಿದೆ.

ಹೊರಸಿನ ಕೆಳಗೆ ಕೆಂಡ, ಕಿವಿಯಲ್ಲಿ ಅರಳೆ, ಹೊಟ್ಟೆಗೆ ಬಿಗಿದ ಅತ್ತೆಯ ಹಳೇ ಸೀರೆ. ಹೊಲಿಗೆ ಹಾಕಿದ ಜಾಗ ಎದ್ದರೆ ಜಗ್ಗುತ್ತಿತ್ತು, ಕೂತರೆ ಚುಚ್ಚುತ್ತಿತ್ತು. ಆದರೂ ಶಿವ ನನ್ನನ್ನು ಮರೆತಿರಲಿಲ್ಲ. ಕೂಸು ಗಟ್ಟಿಯಾಗಿತ್ತು. ನಡುವಿಗೆ ಬಿಸಿನೀರು ಹೊಯ್ಯುವ ಅತ್ತೆಯ ಕೈ ಮೆತ್ತಗಿತ್ತು. ಸರಕಾರಿ ನೌಕರರೆಲ್ಲ ಮುಷ್ಕರ ಹೂಡಿದ್ದರಿಂದ ನಮ್ಮವರು ಮುಂಜಾನೆ ಧರಣಿಯ ಟೆಂಟಿನಲ್ಲಿ ಕೂತು ಘೋಷಣೆ ಕೂಗಿ, ಮಧ್ಯಾಹ್ನಕ್ಕೆ ಮನೆಗೆ ಬಂದು ತೊಟ್ಟಿಲು ತೂಗುತ್ತಿದ್ದರು.

"ತೆಲಂಗಾಣ ಬರ್ತದೋ ಬಿಡ್ತದೋ, ನನ್ನ ಮಗ ಅಂತೂ ಮನಿಗಿ ಬಂದ," ಎನ್ನುತ್ತಿದ್ದರು ಅತ್ತೆ.

ಮಗಳು ಮೊಳದುದ್ದ ಇದ್ದಳು, ದನಿ ಮಾತ್ರ ಓಣಿಯುದ್ದ. ತೊಟ್ಟಿಲಿಗೆ ಹಾಕಿದರೆ ಅಳುವಳು, ಲೋಬಾನದ ಹೊಗೆ ಕೊಟ್ಟರೆ ಅಳುವಳು, ಕೊಡದಿದ್ದರೂ ಅಳುವಳು. ಎಲ್ಲಕ್ಕಿಂತ ಆಕೆಗೆ ಆಗದೇ ಇದ್ದದ್ದು ನನ್ನ ಕರಡಿಗೆಯ ಸದ್ದು. ಲಿಂಗ ಇಡುವ ಆ ಬೆಳ್ಳಿಯ ಡಬ್ಬಿಯ ಮುಚ್ಚಳ ಟಕ್ಕೆಂದರೆ ಸಾಕು, ಎಂಥ ನಿದ್ದೆಯಲ್ಲಿದ್ದರೂ ಬಾಯಿ ತೆರೆಯುತ್ತಿದ್ದಳು.

ನಮ್ಮಲ್ಲಿ ಹೆರಿಗೆಯ ಸೂತಕವಿಲ್ಲ. ಬಾಣಂತಿಯೂ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಾಳೆ. ಪೂಜೆಯಾಗದೆ ತುತ್ತು ಎತ್ತಬಾರದೆಂದು ದೀಕ್ಷೆಯ ದಿನವೇ ಅಪ್ಪ ಹೇಳಿದ್ದ. ಜ್ವರ ಬಂದಾಗಲೂ ನಾನು ತಪ್ಪಿಸಿದವಳಲ್ಲ. ಈಗ ಏನಾಯಿತೆಂದರೆ, ಕೂಸು ಅತ್ತರೆ ಪೂಜೆ ತಡ, ಪೂಜೆ ತಡವಾದರೆ ಊಟ ತಡ, ಊಟ ತಡವಾದರೆ ಹಾಲು ಕಡಿಮೆ, ಹಾಲು ಕಡಿಮೆಯಾದರೆ ಕೂಸಿನ ಅಳು ಮತ್ತೂ ಜಾಸ್ತಿ. ಗಾಣದ ಎತ್ತಿನಂತೆ ನಾವಿಬ್ಬರೂ ಅಲ್ಲೇ ಸುತ್ತುತ್ತಿದ್ದೆವು. ತೂಕ ಏರಲಿಲ್ಲವೆಂದು ಆಸ್ಪತ್ರೆಯ ನರ್ಸಮ್ಮ ಮುಖ ಸಿಂಡರಿಸಿ ಹೋದಳು. ಹೀಗೇ ನಡೆದರೆ ಡಬ್ಬಿಯ ಹಾಲು ಹಿಡಿಸಬೇಕಾಗುತ್ತದೆ ಎಂದೂ ಹೇಳಿದಳು.

ಅಂದು ಹೊತ್ತು ನೆತ್ತಿಗೇರಿತ್ತು. ಅತ್ತೆ ರೊಟ್ಟಿ, ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ ಸಾರು ತಂದು ಮುಂದಿಟ್ಟರು.

"ದನಕ್ಕ ಮೇವು ಹಾಕದೆ ಚರಗಿ ಹಿಡಿದ್ರ ಹಾಲು ಬರ್ತಾವೇನು? ಉಣ್ಣು."

"ಪೂಜಿ ಆಗ್ಲಿ ಅತ್ತಿ, ಉಣ್ತೀನ್ರಿ."

"ನಿನ್ನ ಪೂಜಿ ದೀಪ ಹಚ್ಚೂ ಹೊತ್ತಿಗಿ ಆಗ್ತದ. ಶಿವ ಏನು ಹಾಜರಿ ಹಿಡಿತಾನೇನು ತಂಗಿ?"

"ಹಿಡಿತಾನ್ರಿ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಸಿನ ಎದುರಿಗೇ ಕೂತರು. "ಹಂಗಾದ್ರ ನಂದೂ ಕೇಳು. ನೀ ಉಣ್ಣೂತನ ನಾನೂ ಉಣ್ಣಂಗಿಲ್ಲ."

ಇದು ಬರೀ ಮಾತಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವರು ಶುಗರಿನ ಗುಳಿಗೆ ಆಗಲೇ ನುಂಗಿ ಆಗಿತ್ತು, ಅದರ ಮೇಲೆ ಉಣ್ಣದಿದ್ದರೆ ಸಕ್ಕರೆ ಇಳಿದು ತಲೆ ಸುತ್ತುತ್ತದೆ.

ಅಷ್ಟರಲ್ಲಿ ನಮ್ಮವರು ಟೆಂಟಿನಿಂದ ಬಂದರು. ಅಲ್ಲಿ ದಿನಕ್ಕೆ ಕೆಲವರಂತೆ ಸರದಿ ಉಪವಾಸ ನಡೆದಿತ್ತು. ಅವತ್ತು ಇವರ ಸರದಿ ಇರಲಿಲ್ಲ, ಬರೀ ಕೂಗುವ ಕೆಲಸ. ಗಂಟಲು ಕಟ್ಟಿ ಕಪ್ಪೆಯ ದನಿಯಾಗಿತ್ತು. ಮುಟ್ಟದ ಗಂಗಾಳವನ್ನೂ, ಬಿಗಿದ ಎರಡು ಮುಖಗಳನ್ನೂ ನೋಡಿದರು.

"ಇಲ್ಲೂ ಟೆಂಟ್ ಹಾಕೀರಿ ಏನು? ಅಲ್ಲಿ ಕುಂತವರಿಗಿ ಸಂಜಿಗಿ ನಿಂಬು ಶರಬತ್ ಕುಡಿಸಿ ಎಬ್ಬಸ್ತಾರ. ನಿಮ್ಗ ಯಾರು ಕುಡಿಸ್ಬೇಕು? ಅವ್ವಾ, ನಿನ್ನ ಬೇಡಿಕಿ ಏನು?"

"ಅಕಿ ಉಣಬೇಕು."

"ನಿಂದು?"

"ಪೂಜಿ ಆಗಬೇಕ್ರಿ," ಅಂದೆ.

"ಇಕಿದು?"

ಮಗಳು ತನ್ನ ಬೇಡಿಕೆಯನ್ನು ಮೂರು ಮನೆಗೆ ಕೇಳುವಂತೆ ಮಂಡಿಸಿದಳು.

ನಮ್ಮವರು ಆಕೆಯನ್ನೆತ್ತಿ ಅಂಗಳಕ್ಕೆ ಹೋದರು. ಕಪ್ಪೆಯ ದನಿಯಲ್ಲಿ ಏನೋ ಹಾಡಿದರು. ಆಶ್ಚರ್ಯವೆಂದರೆ ಕೂಸು ಸುಮ್ಮನಾಯಿತು. ಇದೇ ಹೊತ್ತೆಂದು ನಾನು ಕರಡಿಗೆ ತೆಗೆದೆ. ಟಕ್. ಅಂಗಳದಲ್ಲಿ ಮತ್ತೆ ಶುರುವಾಯಿತು.

"ಅಕಿಗಿ ಅಲ್ಲಿತನಾ ಕೇಳಸ್ತದೇನ?" ಎಂದು ಅತ್ತೆ ನಗಲು ಹೋದರು. ನಗುವಾಗ ಕೈಯಲ್ಲಿದ್ದ ನೀರಿನ ಲೋಟ ನಡುಗಿ ನೀರು ಸೀರೆಗೆ ಚೆಲ್ಲಿತು. ಹಣೆಯ ಮೇಲೆ ಬೆವರು. ನಾನು ನೋಡಿದೆನೆಂದು ತಿಳಿದು ಲೋಟವನ್ನು ಸೆರಗಿನ ಮರೆಗೆ ಸರಿಸಿದರು.

ನನಗೆ ಇನ್ನು ಕಾಯಲಾಗಲಿಲ್ಲ. "ಕೂಸಿಗಿ ಇಲ್ಲಿ ಕೊಡ್ರಿ," ಅಂದೆ. ದಿಂಬು ತೊಡೆಯ ಮೇಲಿಟ್ಟು ಮಗಳನ್ನು ಎದೆಗೆ ಹಾಕಿಕೊಂಡೆ. ಎಡ ಅಂಗೈಯಲ್ಲಿ ಲಿಂಗ ಹಿಡಿದೆ. ಹಿಡಿದ ಮೇಲೆ ಹೆದರಿಕೆಯಾಯಿತು.

"ಅತ್ತಿ, ಇಕಿ ಬಾಯಾಗ ಹಾಲು ಅದ. ಎಂಜಲು ಆಗ್ತದೇನ್ರಿ?"

"ಅಕಿ ಕೊಳ್ಳಾಗೂ ಲಿಂಗ ಕಟ್ಟೀವಿಲ್ಲ? ಅಕಿನೂ ನಿನ್ನ ಕೂಡ ಪೂಜಿಗಿ ಕುಂತಾಳ ಅಂತ ತಿಳಿ. ಖರೆ, ಅಕಿ ಪ್ರಸಾದ ಮೊದ್ಲ ತಗೋತಾಳ, ಪೂಜಿ ಆಮ್ಯಾಲ ಮಾಡ್ತಾಳ. ಜಲ್ದಿ ಮಾಡು, ನನಗ ಕಣ್ಣಿಗಿ ಕತ್ತಲಿ ಬರ್ಲಾಕತ್ತದ."

ನನ್ನ ಬಲಗೈ ಕೂಸಿನ ತಲೆಯ ಕೆಳಗಿತ್ತು. ನಮ್ಮವರೇ ನನಗೆ ಬಲಗೈಯಾದರು. ನೀರು ಅಂದರೆ ಎರೆದರು, ವಿಭೂತಿ ಅಂದರೆ ಹಚ್ಚಿದರು, ಹೂವು ಅಂದರೆ ಏರಿಸಿದರು. ಒಂದು ಹೂವು ಜಾರಿ ಮಗಳ ಕಿವಿಯ ಮೇಲೆ ಬಿತ್ತು. ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಶಿವಾಯ ನಮಃ ಅನ್ನುತ್ತಿದ್ದಂತೆ ಆಕೆ ಚೀಪುವುದು ನಿಧಾನವಾಯಿತು, ಆಮೇಲೆ ನಿಂತಿತು. ಮುಚ್ಚಳ ಮುಚ್ಚಿದೆ. ಟಕ್ಕೆಂದಿತು. ಮಗಳು ಮಿಸುಕಲಿಲ್ಲ.

ಈಗ ಉಣ್ಣುವುದು ಹೇಗೆ? ಕೈ ತೆಗೆದರೆ ಏಳುತ್ತಾಳೆ. ಅತ್ತೆ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಹಿಡಿದರು.

"ಮೊದ್ಲ ನೀವು ತಗೋರಿ," ಪಿಸುಗುಟ್ಟಿದೆ.

"ಮೊದ್ಲ ನೀ."

"ನಿಮ್ಮ ಕೈ ನಡಗಲಾಕತ್ತಾದ್ರಿ."

"ನಡಗೂ ಕೈಯಾಗಿಂದ ಜಾರಿ ಬೀಳೂದ್ರೊಳಗ ಬಾಯಿ ತೆರಿ."

ನಮ್ಮವರು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಅತ್ತೆಯ ಬಾಯಿಗೆ ಒಂದು ತುತ್ತು ಹಾಕಿಯೇಬಿಟ್ಟರು. ಅದೇ ಗಳಿಗೆಗೆ ನಾನೂ ಬಾಯಿ ತೆರೆದೆ.